ಒದರಾಕ ಬಂದವರು

ಗೋಳಗುಮ್ಮಟದ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು, ಆಮೇಲೆ ಹೋದರೆ ಗದ್ದಲ ಎಂದು ವಿಜಯಪುರದ ಬಲ್ಲವರೆಲ್ಲ ಹೇಳಿದ್ದರು. ಚಹಾ ಕೂಡ ಬಿಟ್ಟು ಹೋದೆ. ಮೂಲೆಯ ಮಿನಾರಿನ ಕಡಿದಾದ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತಿ ಮೇಲೆ ಕಾಲಿಟ್ಟದ್ದೇ ತಡ, ಯಾರೋ ಸೀಟಿ ಹೊಡೆದ. ಅದು ಗುಮ್ಮಟವನ್ನೆಲ್ಲ ಸುತ್ತಾಡಿ ಮತ್ತೆ ಮತ್ತೆ ಬಂದು ನನ್ನ ಕಿವಿಗೇ ಬಿತ್ತು. ಒಂದು ಸೀಟಿಯಾದರೆ ಕ್ಷಮಿಸಬಹುದು. ಅದರ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಹೇಗೆ ಕ್ಷಮಿಸುವುದು?

ಗುಮ್ಮಟ ಎಷ್ಟು ಅಗಲ, ನಡುವೆ ಒಂದು ಕಂಬವೂ ಇಲ್ಲದೆ ಹೇಗೆ ನಿಂತಿತು ಎಂಬುದೆಲ್ಲ ಶಾಲೆಯ ಪುಸ್ತಕದಲ್ಲಿದೆ, ಬಿಡಿ. ನಾನು ಕೂತು ಗಮನಿಸಿದ್ದು ಒದರುವವರ ಪಂಗಡಗಳನ್ನು. ತನ್ನ ಹೆಸರನ್ನು ತಾನೇ ಕೂಗಿಕೊಂಡು ಪುಳಕಗೊಳ್ಳುವವನು ಒಬ್ಬ. ಹುಡುಗಿಯ ಹೆಸರನ್ನು ಅರ್ಧ ಕೂಗಿ ನಾಚಿ ನುಂಗಿಕೊಳ್ಳುವವನು ಇನ್ನೊಬ್ಬ. ಗುಮ್ಮಟ ಆ ಅರ್ಧವನ್ನೇ ಜಗಜ್ಜಾಹೀರು ಮಾಡುತ್ತದೆ. ನೆಚ್ಚಿನ ನಟನಿಗೆ ಜೈ ಎನ್ನುವವರ ದಂಡು ಬೇರೆ. ಇವರೆಲ್ಲರಿಗೂ ಗುರು ಎಂದರೆ ಪ್ರವಾಸಕ್ಕೆ ಮಕ್ಕಳನ್ನು ಕರೆತಂದ ಮಾಸ್ತರರು. "ಗದ್ದಲ ಮಾಡಬ್ಯಾಡ್ರೋ!" ಎಂದು ಅವರು ಗದರಿದ್ದನ್ನು ಗುಮ್ಮಟ ಮುಗಿಸುವವರೆಗೂ ಮಕ್ಕಳು ಬಾಯಿ ತೆರೆದು ಕೇಳಿದವು.

ಇದು ಪಿಸುಮಾತಿನ ಗ್ಯಾಲರಿ ಕಣ್ರೀ! ಇಲ್ಲಿ ಗೋಡೆಗೆ ಬಾಯಿ ಹಚ್ಚಿ ಗುಟ್ಟಾಗಿ ಆಡಿದ ಮಾತು ಸುಮಾರು 38 ಮೀಟರ್ ಆಚೆ ಎದುರು ಗೋಡೆಗೆ ಕಿವಿಗೊಟ್ಟವರಿಗೆ ಕೇಳುತ್ತದೆ. ಕಾಗದ ಹರಿದರೂ ಕೇಳುತ್ತದೆ. ಇಂಥಲ್ಲಿ ಒದರುವುದೆಂದರೆ ಅಕ್ಕಸಾಲಿಗನ ತಕ್ಕಡಿಯಲ್ಲಿ ಜೋಳದ ಚೀಲ ತೂಗಿದಂತೆ.

ಕಾವಲುಗಾರನಿಗೆ ದೂರಿದೆ. "ಒದರಾಕ ಬಂದಾರ್ರಿ ಸಾಹೇಬ್ರ, ಒದರ್ಲಿ ಬಿಡ್ರಿ. ಕೆಳಗ ಮಲಗಿದ ಬಾದಶಹಾಗ ತ್ರಾಸಿಲ್ಲ, ನಿಮಗ್ಯಾಕ?" ಎಂದ.

ಆ ಬಾದಶಹ, ಮುಹಮ್ಮದ್ ಆದಿಲ್ ಶಾಹ, 1656ರಲ್ಲೇ ತೀರಿಕೊಂಡವನು. ಅವನ ಸೈರಣೆ ನನಗೆ ಎಲ್ಲಿಂದ ಬರಬೇಕು? ಆದರೆ ಅವನ ಅಪ್ಪ ಎರಡನೇ ಇಬ್ರಾಹಿಂ ಖಂಡಿತ ನನ್ನ ಕಡೆಯವನು. ದಖನಿಯಲ್ಲಿ 'ಕಿತಾಬ್-ಎ-ನೌರಸ್' ಎಂಬ ಹಾಡುಗಳ ಪುಸ್ತಕ ಬರೆದು, ಸರಸ್ವತಿಯನ್ನೂ ಗಣಪತಿಯನ್ನೂ ಹಾಡಿ ಹೊಗಳಿದ ಸುಲ್ತಾನ. ತನ್ನ ತಂಬೂರಿಗೆ ಮೋತಿ ಖಾನ್ ಎಂದು ಹೆಸರಿಟ್ಟಿದ್ದ. ತಂಬೂರಿಗೇ ಖಾನ್ ಪಟ್ಟ ಕಟ್ಟಿದವನು ಸೀಟಿ ಹೊಡೆಯುವವನಿಗೆ ಏನು ಕಟ್ಟುತ್ತಿದ್ದನೋ! ಅವನು ಮಲಗಿರುವುದು ಊರಿನ ಪಶ್ಚಿಮಕ್ಕೆ, ಇಬ್ರಾಹಿಂ ರೋಜಾದಲ್ಲಿ. ಅಲ್ಲಿ ಪ್ರತಿಧ್ವನಿಯ ಆಮಿಷವಿಲ್ಲ. ಕಲ್ಲಿನ ಜಾಲಂಧ್ರಗಳ ಮುಂದೆ ಜನ ತಾವಾಗಿ ಸಣ್ಣ ದನಿಯಲ್ಲಿ ಮಾತಾಡುತ್ತಾರೆ. ಅಪ್ಪನ ಪುಣ್ಯ.

ಅಲ್ಲಿಗೆ ಹೋಗುವ ದಾರಿಯಲ್ಲೇ ಟಾಂಗಾದವನು ಷೇರ್ಜಾ ಬುರುಜಿನ ಹತ್ತಿರ ಇಳಿಸಿ ಮಲಿಕ್-ಎ-ಮೈದಾನ್ ತೋಪು ತೋರಿಸಿದ್ದ. ಆನೆಯನ್ನು ಜಗಿಯುವ ಸಿಂಹದ ಮುಖ, 55 ಟನ್ ತೂಕ, 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು. ಊರಲ್ಲಿ ಒದರುವ ಹಕ್ಕು ಯಾರಿಗಾದರೂ ಇದ್ದರೆ ಇದಕ್ಕೆ. ಅದೋ, ಬಾಯಿ ತೆರೆದುಕೊಂಡೇ ಸುಮ್ಮನಿದೆ. ಕುಂಪಣಿ ಸರ್ಕಾರ 1854ರಲ್ಲಿ ಇದನ್ನು ಕೆಲಸಕ್ಕೆ ಬಾರದ ಸಾಮಾನೆಂದು ಹರಾಜಿಗೆ ಹಾಕಿತ್ತು. ಬಂದ ದೊಡ್ಡ ಸವಾಲು 150 ರೂಪಾಯಿ! ಇಷ್ಟು ಅಗ್ಗಕ್ಕೆ ಬೇಡವೆಂದು ಆಮೇಲೆ ಕೈಬಿಟ್ಟರು.

ಸೀಟಿಯ ಸಿಟ್ಟು ನನಗೆ ಆಗಲೇ ಇಳಿದಿತ್ತು. ಈಗ ತಲೆಯಲ್ಲಿ ಉಳಿದಿರುವವನು ಆ 150 ರೂಪಾಯಿಯ ಗಿರಾಕಿ. ತೋಪನ್ನು ಒಯ್ದು ಏನು ಮಾಡುವವನಿದ್ದ? ಕರಗಿಸಿ ಕೊಡ, ತಂಬಿಗೆ ಮಾಡಿಸುತ್ತಿದ್ದನೇ? ಬುರುಜಿನಿಂದ ಇಳಿಸುವ ಕೂಲಿಯೇ ಅಸಲನ್ನು ಮೀರುತ್ತಿತ್ತಲ್ಲ. ಹೆಂಡತಿಗೆ ಹೇಳಿ ಬಂದಿದ್ದನೋ, ಇಲ್ಲವೋ. ಅದಿರಲಿ, ದೊಡ್ಡ ಸವಾಲು ಎಂದಮೇಲೆ ಅದಕ್ಕಿಂತ ಚಿಕ್ಕ ಸವಾಲು ಕೂಗಿದವನೊಬ್ಬ ಇರಲೇಬೇಕು. ಅಂದು ರಾತ್ರಿ ರೊಟ್ಟಿ ಮುರಿಯುತ್ತ ಅವನು, ಇನ್ನೊಂದು ಹತ್ತು ರೂಪಾಯಿ ಏರಿಸಿದ್ದರೆ ತೋಪು ನಮ್ಮದೇ ಆಗುತ್ತಿತ್ತು ಎಂದು ಮನೆಯವರ ಮುಂದೆ ಹಲುಬಿರಬೇಕು.