ಹಾವಿನ ಮನೆಯ ಎರಡು ಮೂಲೆ

ಹಾವು ಸಾಕುವವರನ್ನು ನಾನು ಮೊದಲು ಕಂಡದ್ದು ಸಿಂದಗಿಯ ಸಂತೆಯಲ್ಲಿ. ಆಗ ನನಗೆ ಏಳೆಂಟು ವರ್ಷ. ಅಪ್ಪನ ಬೆರಳು ಹಿಡಿದು ಹೋಗಿದ್ದೆ. ಹಾವಾಡಿಗ ಬುಟ್ಟಿಯ ಮುಚ್ಚಳ ತೆಗೆದು ಪುಂಗಿ ಊದಿದ. ನಾಗಪ್ಪ ಹೆಡೆ ಎತ್ತಿದ. ಯಾರೋ ಒಬ್ಬಾಕೆ ಬಟ್ಟಲಲ್ಲಿ ಹಾಲು ತಂದಿಟ್ಟಳು. ಹಾವು ಹಾಲಿಗೆ ಬಾಯಿಟ್ಟಾಗ ನೆರೆದವರೆಲ್ಲ ಕೈಮುಗಿದರು, ನಾನೂ ಮುಗಿದೆ. ಹಾಲು ಹಾವಿನ ಆಹಾರವೇ ಅಲ್ಲವೆಂದೂ, ದಿನಗಟ್ಟಲೆ ನೀರು ಕಾಣದ ಹಾವು ಬಾಯಾರಿಕೆಯಿಂದ ಏನಿಟ್ಟರೂ ಕುಡಿಯುತ್ತದೆಂದೂ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ದೇಶದ ಹಾವುಗಳನ್ನು ಹಿಡಿದಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಈಗ ನಮ್ಮ ಕಡೆಯ ಸಂತೆಗಳಲ್ಲಿ ಆ ಬುಟ್ಟಿಗಳನ್ನು ನಾನು ಕಾಣೆ.

ಎರಡನೆಯ ಸಲ ಹಾವು ಸಾಕುವವನನ್ನು ಕಂಡದ್ದು ಅಮೆರಿಕದಲ್ಲಿ, ಷಿಕಾಗೋ ನಗರದ ಹೊರವಲಯದಲ್ಲಿ. ಅವನು ಬೇರೆ ಯಾರೂ ಅಲ್ಲ, ನನ್ನ ತಂಗಿಯ ಮಗ. ವಯಸ್ಸು ಹದಿನೈದು.

ತಂಗಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಬೇಕಾಗಿತ್ತು. 2024ರ ಜನವರಿಯಲ್ಲಿ ಕಾಲೇಜಿಗೆ ರಜೆ ಹಾಕಿ ಹೊರಟೆ. ಇಂಡಿಯ ಮನೆಯಲ್ಲಿ ಎಂಬತ್ತೊಂದು ವರ್ಷದ ಅಪ್ಪನನ್ನು ನನ್ನಾಕೆಯ ವಶಕ್ಕೆ ಒಪ್ಪಿಸಿದೆ. ಹೋಗುವ ಮುನ್ನ ಅಪ್ಪನಿಗೆ ದಪ್ಪನೆಯ ರಗ್ಗು, ಉಣ್ಣೆಯ ಟೊಪ್ಪಿಗೆ, ವಿದ್ಯುತ್ತಿನ ಹೀಟರು ಇಷ್ಟನ್ನೂ ಕೊಂಡು ತಂದು, ಮನೆಯ ನಡುವಿನ ಕೋಣೆಯಲ್ಲಿ ಹಾಸಿಗೆ ಹಾಕಿಸಿ, “ಹೊರಗ ಥಂಡಿ ಭಾಳ ಐತಿ, ಎಲ್ಲೂ ಹೋಗಬ್ಯಾಡ” ಎಂದು ತಾಕೀತು ಮಾಡಿದೆ. ಮಗನ ಕರ್ತವ್ಯ ಮುಗಿಯಿತೆಂಬ ಸಮಾಧಾನದಿಂದ ವಿಮಾನ ಹತ್ತಿದೆ.

ಸೋದರಳಿಯ ಮೊದಲ ದಿನವೇ ನನ್ನ ಕೈಹಿಡಿದು ತನ್ನ ಕೋಣೆಗೆ ಎಳೆದೊಯ್ದ. ಮೇಜಿನ ಮೇಲೆ ಮೂರಡಿ ಉದ್ದದ ಗಾಜಿನ ಪೆಟ್ಟಿಗೆ. ಒಳಗೆ ಕಪ್ಪು ಮೈಯ ಮೇಲೆ ಬಿಳಿಯ ಪಟ್ಟೆ ಹೊತ್ತ ಒಂದು ಹಾವು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ನಮ್ಮ ಕಡೆ ಆ ಬಣ್ಣದ ಹಾವೆಂದರೆ ಕಟ್ಟುಹಾವು. ಅದು ಕಚ್ಚಿದವನು ಬೆಳಗು ಕಾಣುವುದು ಕಷ್ಟ.

“ಅಂಜಬ್ಯಾಡ ಮಾಮಾ, ಇದಕ್ಕ ವಿಷ ಇಲ್ಲ” ಎಂದ ಹುಡುಗ.

ಅದು ಕ್ಯಾಲಿಫೋರ್ನಿಯಾದ ಕಿಂಗ್‌ಸ್ನೇಕ್. ನಮ್ಮ ಕಾಳಿಂಗಕ್ಕೂ ಇದಕ್ಕೂ ನೆಂಟಸ್ತನವಿಲ್ಲ, ಗುಣದಲ್ಲಿ ಮಾತ್ರ ಒಂದು ಸಾಮ್ಯ: ಎರಡೂ ಬೇರೆ ಹಾವುಗಳನ್ನು ತಿನ್ನುತ್ತವೆ. ರಾಜಪಟ್ಟ ಬಂದದ್ದು ಅದರಿಂದಲೇ. ಆ ನಾಡಿನ ಗಿಲಕಿ ಹಾವಿನ ವಿಷವನ್ನೂ ಇದರ ಮೈ ತಡೆದುಕೊಳ್ಳುತ್ತದಂತೆ. ಜೊತೆಗಿಟ್ಟರೆ ತನ್ನ ಕುಲದ ಹಾವನ್ನೇ ನುಂಗುವುದರಿಂದ ಒಂದು ಪೆಟ್ಟಿಗೆಗೆ ಒಂದೇ ಹಾವು. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷ ಬಾಳುತ್ತದೆ. “ಸಾಕಾದರೆ ತೋಟಕ್ಕೆ ಬಿಟ್ಟರಾಯಿತು” ಎಂದೆ ನಾನು. ಹುಡುಗ ನನ್ನನ್ನು ಮರುಕದಿಂದ ನೋಡಿದ. ಹಾಗೆ ಮನೆಗಳಿಂದ ತಪ್ಪಿಸಿಕೊಂಡ, ಬಿಟ್ಟ ಹಾವುಗಳು ಸ್ಪೇನಿಗೆ ಸೇರಿದ ಗ್ರಾನ್ ಕನೇರಿಯಾ ದ್ವೀಪದಲ್ಲಿ ಹಬ್ಬಿ, ಅಲ್ಲಲ್ಲದೆ ಬೇರೆಲ್ಲೂ ಇಲ್ಲದ ದೊಡ್ಡ ಹಲ್ಲಿಗಳ ವಂಶಕ್ಕೇ ಸಂಚಕಾರ ತಂದಿವೆಯೆಂದು ಪಾಠ ಹೇಳಿದ. ಪಾಠ ಹೇಳಿಸಿಕೊಂಡು ನನಗೆ ಅಭ್ಯಾಸ ತಪ್ಪಿಹೋಗಿತ್ತು.

ಇನ್ನೂ ದೊಡ್ಡ ಪಾಠ ಬೆಚ್ಚಗೆ ಇಡುವುದರದ್ದು. ಹಾವಿನ ಮೈ ನಮ್ಮ ಮೈಯಂತೆ ತಾನೇ ಶಾಖ ಹುಟ್ಟಿಸಿಕೊಳ್ಳಲಾರದು. ಬಿಸಿಲಿನಿಂದ, ಕಾದ ಕಲ್ಲಿನಿಂದ ಅದು ಶಾಖವನ್ನು ಕಡ ತರಬೇಕು. ಶಾಖವಿಲ್ಲದಿದ್ದರೆ ಓಡಾಟವಿಲ್ಲ, ಜೀರ್ಣವೂ ಇಲ್ಲ. ನುಂಗಿದ ಇಲಿ ಹೊಟ್ಟೆಯಲ್ಲೇ ಕೊಳೆಯುತ್ತದೆ. ಅದಕ್ಕಾಗಿ ಪೆಟ್ಟಿಗೆಯ ಅಡಿ ಒಂದು ವಿದ್ಯುತ್ತಿನ ಚಾಪೆ. ಅದು ಮಿತಿಮೀರಿ ಕಾಯದಂತೆ ಕಾವಲಿಗೆ ಒಂದು ಥರ್ಮೋಸ್ಟಾಟ್. ಕಾವಲಿಲ್ಲದಿದ್ದರೆ ಹಾವು ಹೊಟ್ಟೆ ಸುಟ್ಟುಕೊಂಡರೂ ಅಲ್ಲಿಂದ ಏಳದೆ ಇರಬಹುದಂತೆ.

ನಾನು ಕೇಳಿದೆ: “ಚಾಪೆ ಪೆಟ್ಟಿಗೆಯ ಒಂದೇ ಕಡೆಗೆ ಯಾಕೆ? ಪೂರ್ತಿ ಹಾಸಬಾರದೆ?”

“ಪೂರ್ತಿ ಹಾಸಿದರ ಅದು ಎಲ್ಲಿ ಹೋಗಬೇಕು ಮಾಮಾ?”

ಬಿಸಿಯ ಕಡೆ ಸುಮಾರು 30 ಡಿಗ್ರಿ, ತಂಪಿನ ಕಡೆ 24 ಅಥವಾ 25. ಎರಡರ ನಡುವೆ ಹಾವು ತನಗೆ ಬೇಕಾದಾಗ ಬೇಕಾದ ಕಡೆ ಸರಿದುಕೊಳ್ಳುತ್ತದೆ. ಉಂಡಾಗ ಬಿಸಿಗೆ, ದಣಿದಾಗ ತಂಪಿಗೆ. ಎಷ್ಟು ಶಾಖ ಬೇಕೆಂಬುದು ಸಾಕುವವನಿಗಿಂತ ಹಾವಿಗೇ ಚೆನ್ನಾಗಿ ಗೊತ್ತು. ಇನ್ನೊಂದು ಸೂಕ್ಷ್ಮವನ್ನೂ ಹುಡುಗ ತೋರಿಸಿದ. ಅಡಗಿ ಕೂರುವ ಗೂಡು ಎರಡೂ ಮೂಲೆಯಲ್ಲಿ ಇರಬೇಕು. ಒಂದೇ ಮೂಲೆಯಲ್ಲಿದ್ದರೆ ಅಂಜುಬುರುಕ ಹಾವು ಗೂಡು ಬಿಟ್ಟು ಕದಲದೆ, ಬೇಕಾದ ಶಾಖವನ್ನೇ ಬಿಟ್ಟುಕೊಡುತ್ತದೆ. ಮರೆ ಬೇಕೋ ಬಿಸಿ ಬೇಕೋ ಎಂದು ಅದು ಲೆಕ್ಕ ಹಾಕುವ ಪ್ರಸಂಗ ಬರಬಾರದು.

ವಾರ ಕಳೆಯಿತು. ತಂಗಿ ಆಸ್ಪತ್ರೆಗೆ ಸೇರಿದಳು. ಆಕೆಯ ಯಜಮಾನರು ಅಲ್ಲಿಯೇ ಉಳಿದರು. ಹುಡುಗ ಶಾಲೆಯವರೊಡನೆ ಎರಡು ದಿನದ ಪ್ರವಾಸಕ್ಕೆ ಹೋದ. ಹೋಗುವ ಹಿಂದಿನ ದಿನ ಹಾವಿಗೆ ಇಲಿ ಹಾಕಿದ್ದ. “ನೀ ಏನೂ ಮಾಡೂದು ಬ್ಯಾಡ ಮಾಮಾ, ನೀರಷ್ಟ ನೋಡು” ಎಂದಿದ್ದ. ಮನೆಯಲ್ಲಿ ನಾನು ಮತ್ತು ಆ ಹಾವು, ಇಬ್ಬರೇ.

ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿ. ರಾತ್ರಿ ಒಂಬತ್ತಕ್ಕೆ ದೀಪ ಹೋಯಿತು. ನಮ್ಮೂರಿನಲ್ಲಿ ದೀಪ ಹೋದರೆ ಯಾರೂ ಏಳುವುದಿಲ್ಲ. ಕುಳಿತಲ್ಲಿಯೇ ಮಾತು ಮುಂದುವರಿಯುತ್ತದೆ. ಅಲ್ಲಿ ಹಾಗಲ್ಲ. ಮನೆ ಕಾಯಿಸುವ ಯಂತ್ರಕ್ಕೆ ಗ್ಯಾಸಿದ್ದರೂ ಅದರ ಫ್ಯಾನು ತಿರುಗಲು ವಿದ್ಯುತ್ತು ಬೇಕು. ಗೋಡೆಗಳು ಒಂದೊಂದಾಗಿ ತಣ್ಣಗಾಗತೊಡಗಿದವು. ಒಂದು ಗಂಟೆ ಕಾದು ಹುಡುಗನಿಗೆ ಫೋನು ಮಾಡಿದೆ. ಅವನ ದನಿ ನಡುಗಿತು.

“ಮಾಮಾ, ಹೊಟ್ಟಿ ಖಾಲಿ ಇದ್ದಿದ್ದರ ಚಿಂತಿ ಇದ್ದಿಲ್ಲ. ನಿನ್ನೆ ಉಂಡದ. ತಣ್ಣಗಾದರ ಅದಕ್ಕ ಕಷ್ಟ.”

ಆಮೇಲೆ ಅವನು ಹೇಳಿದಂತೆ ನಾನು ಮಾಡಿದೆ. ಒಲೆಗೆ ಕಡ್ಡಿ ಗೀರಿ ನೀರು ಕಾಯಿಸಿದೆ. ಬಾಟಲಿಗಳಿಗೆ ತುಂಬಿ, ಮೈಗೆ ನೇರ ತಾಗದಂತೆ ಟವೆಲು ಸುತ್ತಿ ಪೆಟ್ಟಿಗೆಯ ಒಂದೇ ಬದಿಗೆ ಇಟ್ಟೆ. ಪೆಟ್ಟಿಗೆಯ ಮೇಲೆ ಉಸಿರಾಟಕ್ಕೆ ಸಂದು ಬಿಟ್ಟು ಕಂಬಳಿ ಹೊದಿಸಿದೆ. ನಡುರಾತ್ರಿಯ ಹೊತ್ತಿಗೆ ಅದೂ ಸಾಲದಾಯಿತು. ಕೋಣೆಯ ಉಷ್ಣತೆ 13ಕ್ಕೆ ಇಳಿದಿತ್ತು.

“ದಿಂಬಿನ ಚೀಲದಾಗ ಇಟ್ಟು, ಬಾಯಿ ಕಟ್ಟಿ, ನಿನ್ನ ಹೊಟ್ಟಿಗೆ ಇಟ್ಟುಕೋ. ಭಾಳ ಅಲುಗಾಡಿಸಬ್ಯಾಡ, ಉಂಡದ್ದು ಕಾರಿಕೊಳ್ತದ.”

ಇದನ್ನು ಓದುವವರು ನಗಬಹುದು. ಎಂ.ಎ. ಮಾಡಿದ, ಎರಡು ಮಕ್ಕಳ ತಂದೆಯಾದ, ಕನ್ನಡ ಕಲಿಸುವ ಒಬ್ಬ ಮನುಷ್ಯ ಪರದೇಶದ ಕತ್ತಲಲ್ಲಿ ಒಂದು ಹಾವನ್ನು ದಿಂಬಿನ ಚೀಲಕ್ಕೆ ತುಂಬಿ, ಸ್ವೆಟರಿನ ಒಳಗೆ ಇಟ್ಟುಕೊಂಡು ಅಂಗಾತ ಮಲಗಿದ. ಕೈ ನಡುಗುತ್ತಿತ್ತು. ಹಾವಿನ ಮೈ ಮೊದಲು ಒದ್ದೆ ಕಲ್ಲಿನಂತಿತ್ತು. ಅದು ಮೆಲ್ಲಗೆ ಸುರುಳಿ ಬಿಚ್ಚಿ, ನನ್ನ ಪಕ್ಕೆಯ ಕಡೆ ಸರಿದು, ಅಲ್ಲಿ ಮತ್ತೆ ಸುತ್ತಿಕೊಂಡಿತು. ನನ್ನ ಮೈಯಲ್ಲಿಯೂ ಅದು ತನಗೆ ಬೇಕಾದ ಮೂಲೆಯನ್ನು ಆರಿಸಿಕೊಂಡಿತ್ತು.

ನಿದ್ದೆ ಬರುವಂತಿರಲಿಲ್ಲ. ಮುದ್ದೇಬಿಹಾಳದಲ್ಲಿ ಪಾಠ ಹೇಳುತ್ತಿದ್ದ ಹೊಸದರಲ್ಲಿ ನಡೆದದ್ದು ನೆನಪಾಯಿತು. ಡಿಸೆಂಬರಿನ ಒಂದು ಮುಂಜಾವು ಬಯಲಿನಲ್ಲಿ ಒಂದು ಕೇರೆಹಾವು ಹಗ್ಗದಂತೆ ಬಿದ್ದಿತ್ತು. ಹುಡುಗರು ಕಲ್ಲು ಹಿಡಿದು ನನ್ನ ಮುಖ ನೋಡಿದರು. ಬೇಡ ಎನ್ನಲು ಒಂದು ಮಾತು ಸಾಕಾಗಿತ್ತು, ನಾನು ಆಡಲಿಲ್ಲ. ವಿಷವಿಲ್ಲದ, ಹೊಲದ ಇಲಿ ತಿಂದು ರೈತನಿಗೆ ನೆರವಾಗುವ ಹಾವು. ಅದು ಸತ್ತಿರಲಿಲ್ಲ, ಸೋಮಾರಿಯೂ ಅಲ್ಲ. ಬಿಸಿಲು ಏರುವುದನ್ನು ಕಾಯುತ್ತಿತ್ತು, ಅಷ್ಟೆ. ಅದೇ ವಾರ ತರಗತಿಯಲ್ಲಿ ನಾನು ಬಸವಣ್ಣನವರ ವಚನ ಕಲಿಸಿದ್ದೆ: ಕಲ್ಲಿನ ನಾಗನಿಗೆ ಹಾಲು, ಜೀವದ ನಾಗನಿಗೆ ಸಾವು ಎಂಬ ನಮ್ಮ ನಡತೆಯನ್ನು ಎತ್ತಿ ತೋರಿಸುವ ವಚನ. ಅದರ ಮುಂದಿನ ಭಾಗವನ್ನು, ಹಸಿದು ಬಾಗಿಲಿಗೆ ಬಂದವನನ್ನು ಮುಂದೆ ಕಳಿಸಿ ದೇವರ ಮುಂದೆ ಎಡೆ ಇಡುವವರ ಕುರಿತಾದದ್ದನ್ನು, ವರ್ಷ ವರ್ಷವೂ ಬಿಡಿಸಿ ಹೇಳುತ್ತೇನೆ. ಬಾಗೇವಾಡಿಯ ಸೀಮೆಯಲ್ಲಿ ಹುಟ್ಟಿದವನೆಂಬ ಹೆಮ್ಮೆ ಬೇರೆ.

ಆಗ ಇನ್ನೊಂದು ಮಾತು ಮನಸ್ಸಿಗೆ ಚುಚ್ಚಿತು. ಅಂದು ರಾತ್ರಿ ಹತ್ತಕ್ಕೆ, ಹುಡುಗನೊಡನೆ ಮಾತಾಡಿದ ಮೇಲೆ, ಇಂಡಿಗೂ ಫೋನು ಮಾಡಿದ್ದೆ. ಅಲ್ಲಿ ಬೆಳಗಿನ ಒಂಬತ್ತೂವರೆ. ಅಪ್ಪ ಎಲ್ಲಿ ಎಂದಾಗ ನನ್ನಾಕೆ ಹೇಳಿದ್ದಳು: “ಮತ್ತ ಆಚಿ ಮನಿಯವರ ಗ್ವಾಡಿಗೆ ಕುರ್ಚಿ ಹಾಕ್ಕೊಂಡು ಕುಂತಾರ. ಹೀಟರ ಹಚ್ಚಿ ಕೊಟ್ಟರೂ ಒಳಗ ಇರಂಗಿಲ್ಲ. ನೀವು ಒಂದೀಟು ಹೇಳರಿ.” ಹೇಳಲು ಫೋನು ಕೊಡಿಸಿದೆ, ಗದರಿದೆ ಕೂಡ. ಕಂಡವರ ಮನೆಯ ಮುಂದೆ ಕೂತರೆ ಜನ ಏನೆಂದಾರು ಎಂದೆ. ಅಪ್ಪ ಏನೂ ಅನ್ನದೆ ಫೋನು ತಿರುಗಿ ಕೊಟ್ಟಿದ್ದ.

ಕೃಷ್ಣೆಯ ದಂಡೆಯ ನಮ್ಮ ಹಳೆಯ ಮನೆ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದೆ. ಆ ಮನೆಗೆ ಮೂಡಣ ದಿಕ್ಕಿಗೆ ಒಂದು ಕಟ್ಟೆ ಇತ್ತು. ಚಳಿಗಾಲದ ಬೆಳಗು ಅಪ್ಪ ಅಲ್ಲಿ, ಬಿಸಿಲೇರಿದಂತೆ ಪಡಸಾಲೆಗೆ, ಮಧ್ಯಾಹ್ನ ಬೇವಿನ ನೆರಳಿಗೆ, ಸಂಜೆ ಮತ್ತೆ ಪಡುವಣದ ಗೋಡೆಗೆ. ಹೊರಸನ್ನು ತಾನೇ ಎಳೆದುಕೊಂಡು ಹೋಗುತ್ತಿದ್ದ. ಯಾರ ಅಪ್ಪಣೆಯೂ ಬೇಕಿರಲಿಲ್ಲ. ಇಂಡಿಯಲ್ಲಿ ನಾನು ಕಟ್ಟಿಸಿದ ಕಾಂಕ್ರೀಟಿನ ಮನೆಗೆ ಅಂಥ ಜಾಗವಿಲ್ಲ. ಮೂಡಣದ ವರಾಂಡದಲ್ಲಿ ನನ್ನ ಮೋಟಾರ್ ಸೈಕಲ್ಲು, ಹಳೆಯ ಪರೀಕ್ಷೆಯ ಕಟ್ಟುಗಳು ತುಂಬಿದ ಕಪಾಟು. ಅಪ್ಪನಿಗೆ ನಾನು ಶಾಖ ಕೊಟ್ಟಿದ್ದೆ, ಹೌದು. ಪೆಟ್ಟಿಗೆಯ ಅಡಿ ಪೂರ್ತಿ ಚಾಪೆ ಹಾಸುವವನ ಹಾಗೆ.

ನಸುಕಿನ ನಾಲ್ಕಕ್ಕೆ ದೀಪ ಬಂತು. ಪೆಟ್ಟಿಗೆ ಮತ್ತೆ ಕಾಯುವ ತನಕ ಕಾದು ಹಾವನ್ನು ಒಳಗೆ ಬಿಟ್ಟೆ. ಬಿಸಿಯ ಮೂಲೆಯ ಗೂಡನ್ನು ಹೊಕ್ಕು ಅದು ಎರಡು ದಿನ ಹೊರಗೆ ಬರಲಿಲ್ಲ. ಇಲಿಯನ್ನು ಕಾರಲಿಲ್ಲ. ಹುಡುಗ ಬಂದವನೇ ಬಾಗಿ ನೋಡಿ, ಮಾತಾಡದೆ ನನ್ನ ಭುಜಕ್ಕೆ ತಲೆ ಒತ್ತಿದ.

ಫೆಬ್ರವರಿಯಲ್ಲಿ ಊರಿಗೆ ಮರಳಿದೆ. ಮೊದಲ ಭಾನುವಾರ ವರಾಂಡದ ಕಪಾಟು ಮಹಡಿಗೆ ಹೋಯಿತು. ಮೋಟಾರ್ ಸೈಕಲ್ಲು ಬೀದಿಗೆ ಬಂತು. ಅಲ್ಲಿ ಒಂದು ಹೊರಸು ಹಾಕಿಸಿದೆ. ಹಿತ್ತಲಲ್ಲಿ ಲಿಂಬಿ ಗಿಡದ ನೆರಳಿಗೆ ಇನ್ನೊಂದು. ನಡುವೆ ಇದ್ದ ಎರಡು ಮೆಟ್ಟಿಲಿಗೆ ಹಿಡಿದು ನಡೆಯಲು ಒಂದು ಕೊಳವೆಯನ್ನು ಗೋಡೆಗೆ ಬಡಿಸಿದೆ. ಅಪ್ಪ ಇದನ್ನೆಲ್ಲ ನೋಡುತ್ತ ಕೂತಿದ್ದ, ಯಾಕೆಂದು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಬಿಸಿಲಲ್ಲಿ ಕೂತು ಕೇಳಿದ: “ಆ ಹುಡುಗನ ಹಾವು ಹ್ಯಾಂಗ ಐತಿ? ಹಾಲು ಹಾಕ್ತಾರೇನು ಅದಕ್ಕ?”

“ಇಲ್ಲಪ್ಪ, ಹಾಲು ಬ್ಯಾಡ ಅದಕ್ಕ. ಬಿಸಿ ಒಂದ ಕಡೆ, ತಂಪು ಒಂದ ಕಡೆ ಇಟ್ಟರ ತಾನ ನೋಡಿಕೊಳ್ತೈತಿ.”

“ನೋಡಿಕೊಳ್ಳದ ಏನು” ಎಂದ ಅಪ್ಪ.

ಅಷ್ಟರಲ್ಲಿ ಬಿಸಿಲು ಒಂದು ಮಾರು ಸರಿದಿತ್ತು. ಅಪ್ಪ ಎದ್ದು ಹೊರಸಿನ ಕಾಲು ಹಿಡಿದು ಎಳೆಯತೊಡಗಿದ. ಎತ್ತಿ ಕೊಡಲೆಂದು ನಾನು ಅರ್ಧ ಎದ್ದೆ, ಮತ್ತೆ ಕೂತೆ.