ಮೂರು ಹೊಲಿಗೆ ಕೂಡುವ ಜಾಗ

ಎದೆ ಭಾರ ಅಂದರೆ ನಮ್ಮ ಕಡೆ ದುಃಖ ಅಂತಲೇ ಅರ್ಥ. ಇಲ್ಲಿ ನಾವು ಹೇಳಹೊರಟಿರುವುದು ಕೆ.ಜಿ. ಲೆಕ್ಕದ ಭಾರದ ಬಗ್ಗೆ. ಸ್ತನಗಳು ವಿಪರೀತ ದೊಡ್ಡದಾಗಿ ಕತ್ತು, ಭುಜ, ಬೆನ್ನು ನೋಯುವ ಹೆಂಗಸರು ಎಲ್ಲಾ ಊರಲ್ಲೂ ಇದ್ದಾರೆ. ಬ್ರಾ ಪಟ್ಟಿ ಭುಜದ ಮೇಲೆ ಗುಳಿ ಮಾಡಿರುತ್ತದೆ. ಬೇಸಿಗೆ ಬಂತೆಂದರೆ ಸ್ತನದ ಕೆಳಗೆ ಬೆವರು ನಿಂತು ಕೆರೆತ, ಹುಣ್ಣು. ಯಾರ ಹತ್ತಿರ ಹೇಳುವುದು?

ನಾವು ಮೂವರೂ ಅಕ್ಕ ಎಂದು ಕರೆಯುವ ಒಬ್ಬರಿದ್ದಾರೆ. ಟೈಲರಿಂಗ್ ಮಾಡುತ್ತಾರೆ. ಈ ಕಷ್ಟವನ್ನು ಗಂಡನಿಗೂ ಹೇಳದೆ ವರ್ಷಗಟ್ಟಲೆ ಮೆಷಿನ್ ಮುಂದೆ ಬಗ್ಗಿ ಕೂತವರು. ಸ್ತನದ ಗಾತ್ರ ಕಡಿಮೆ ಮಾಡುವ ಆಪರೇಷನ್ ಇದೆ ಎಂದು ಗೊತ್ತಾದಾಗ ನಮ್ಮನ್ನೇ ಜೊತೆಗೆ ಕರೆದುಕೊಂಡು ಹೋದರು. ಮೊದಲು ಹೋದ ಕಡೆ ಎರಡೇ ನಿಮಿಷ. "ಮೊದಲು ತೂಕ ಇಳಿಸಿಕೊಂಡು ಬಾರಮ್ಮ" ಎಂದು ಕಳಿಸಿದರು. ಎಷ್ಟು ಇಳಿಸಬೇಕು, ಯಾಕೆ ಇಳಿಸಬೇಕು, ಏನೂ ಇಲ್ಲ. ಹೊರಗೆ ಬಂದು ಅಕ್ಕ ಅಂದರು: "ವಾಕಿಂಗ್ ಮಾಡು ಅಂತಾರೆ, ಓಡು ಅಂತಾರೆ. ಇದನ್ನ ಹೊತ್ಕೊಂಡು ಹೆಂಗವ್ವಾ ಓಡ್ಲಿ?"

ಎರಡನೇ ಕಡೆ ಸಿಕ್ಕ ಪ್ಲಾಸ್ಟಿಕ್ ಸರ್ಜನ್ ಮೇಡಂ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಹೆಚ್ಚಾಗಿರುವ ಕೊಬ್ಬು, ಗ್ರಂಥಿ, ಚರ್ಮ ತೆಗೆದು ಮೊಲೆತೊಟ್ಟನ್ನು ಮೇಲಕ್ಕೆ ಕೂರಿಸುತ್ತಾರೆ. ತೊಟ್ಟಿನ ಸುತ್ತ ಒಂದು ಹೊಲಿಗೆ, ಅಲ್ಲಿಂದ ನೇರ ಕೆಳಕ್ಕೆ ಒಂದು, ಸ್ತನದ ಬುಡದಲ್ಲಿ ಅಡ್ಡ ಒಂದು. ಕೆಳಗಿನ ಎರಡೂ ಸೇರಿದರೆ ತಲೆಕೆಳಗಾದ ಇಂಗ್ಲಿಷ್ 'ಟಿ' ಅಕ್ಷರದ ಹಾಗೆ ಕಾಣುತ್ತದೆ. ನೇರ ಹೊಲಿಗೆ ಬಂದು ಅಡ್ಡ ಹೊಲಿಗೆಗೆ ಸೇರುವ ಮೂಲೆಯಲ್ಲೇ ಎಳೆತ ಹೆಚ್ಚು, ರಕ್ತ ಓಡಾಟ ಕಡಿಮೆ. ಗಾಯ ಬಿಟ್ಟುಕೊಳ್ಳುವುದು ಹೆಚ್ಚಾಗಿ ಅಲ್ಲೇ. ಅಕ್ಕನಿಗೆ ಇದು ನಮಗಿಂತ ಮೊದಲು ಅರ್ಥವಾಯಿತು. ಮೂರು ಕಡೆ ಬಟ್ಟೆ ಕೂಡುವ ಮೂಲೆ ಬ್ಲೌಸಿನಲ್ಲೂ ಮೊದಲು ಕಿತ್ತುಕೊಳ್ಳುತ್ತದಂತೆ.

ತೂಕದ ಮಾತು ಬರುವುದು ಇಲ್ಲಿ. ಕೊಬ್ಬಿಗೆ ರಕ್ತನಾಳಗಳು ಕಡಿಮೆ. ರಕ್ತ ತಲುಪದ ಕಡೆ ಗಾಯ ಮಾಯುವುದು ತಡ. ಮೈ ದಪ್ಪ ಇದ್ದರೆ ತೆಗೆಯುವ ಭಾಗವೂ ಹೆಚ್ಚು, ಆಪರೇಷನ್ ಸಮಯವೂ ಹೆಚ್ಚು. ಮಡಿಕೆಯಲ್ಲಿ ಬೆವರು ನಿಂತರೆ ಸೋಂಕಿಗೆ ಅನುಕೂಲ. ಜೊತೆಗೆ ಶುಗರ್ ಇದ್ದರೆ ಇನ್ನೂ ಕಷ್ಟ. ಹೀಗಾಗಿ ಬಿಎಂಐ ಏರಿದ ಹಾಗೆ ಗಾಯ ಬಿಡುವುದು, ಕೀವಾಗುವುದು, ಒಳಗೆ ನೀರು ತುಂಬುವುದು, ಕೊಬ್ಬು ಸತ್ತು ಗಂಟಾಗುವುದು ಹೆಚ್ಚುತ್ತದೆ. ಅರಿವಳಿಕೆಯ ತೊಂದರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಇದೆ.

ಬಿಎಂಐ ಲೆಕ್ಕ ಸುಲಭ. ತೂಕದ ಕೆ.ಜಿ.ಯನ್ನು ಎತ್ತರದ ಮೀಟರಿನಿಂದ ಎರಡು ಸಲ ಭಾಗಿಸಿ. ಅಕ್ಕ 5 ಅಡಿ, 84 ಕೆ.ಜಿ. ಬಿಎಂಐ 36. 30 ದಾಟಿದರೆ ಬೊಜ್ಜು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ದೇಶದ ಡಾಕ್ಟರುಗಳು 25ಕ್ಕೇ ಎಚ್ಚರಿಸುತ್ತಾರೆ.

ಆದರೆ ಅಪಾಯ ಒಂದು ಅಂಕಿಯ ಹತ್ತಿರ ಬಾಗಿಲು ತೆರೆದ ಹಾಗೆ ಒಮ್ಮೆಲೇ ಬರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಬರುವ ತೊಂದರೆಗಳಲ್ಲಿ ಹೆಚ್ಚಿನವು ಡ್ರೆಸ್ಸಿಂಗಿನಲ್ಲೇ ಮಾಯುವಂಥವು. ತೊಟ್ಟಿಗೆ ರಕ್ತ ಸಿಗದೆ ಹೋಗುವಂಥ ದೊಡ್ಡ ತೊಂದರೆ ಅಪರೂಪ. ದಪ್ಪ ಇರುವ ಹೆಂಗಸರಿಗೂ ನೋವು ಇಳಿಯುತ್ತದೆ, ಉಳಿದವರಿಗೆ ಇಳಿದ ಹಾಗೆಯೇ. ಅದಕ್ಕೇ "ತೂಕ ಇಳಿಸಿ ಬಾ" ಎಂದು ಬಾಗಿಲು ಹಾಕುವುದು ನಮಗೆ ಸರಿ ಕಾಣುವುದಿಲ್ಲ. ಯಾವ ಅಪಾಯ, ಅದಕ್ಕೆ ಏನು ತಯಾರಿ ಎಂದು ಕೂರಿಸಿಕೊಂಡು ಹೇಳಬೇಕು.

ಮೇಡಂ ಹೇಳಿದ ತಯಾರಿ ಇಷ್ಟು: ಶುಗರ್ ಹತೋಟಿಗೆ ತರುವುದು, ಆದಷ್ಟು ತೂಕ ಇಳಿಸಿ ಅಲ್ಲೇ ನಿಲ್ಲಿಸುವುದು, ತಂಬಾಕು ಪೂರ್ತಿ ಬಿಡುವುದು. ಎಲೆ ಅಡಿಕೆ ಜೊತೆ ಹಾಕುವ ಹೊಗೆಸೊಪ್ಪೂ ಲೆಕ್ಕಕ್ಕೆ ಬರುತ್ತದೆ, ಅದರ ನಿಕೋಟಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಅಕ್ಕ 6 ಕೆ.ಜಿ. ಇಳಿದರು. ಹೊಗೆಸೊಪ್ಪು ಬಿಡುವುದೇ ಅವರಿಗೆ ಹೆಚ್ಚು ಕಷ್ಟವಾಯಿತು. ಮುಂದೆ ಮಗು ಬೇಕೆನ್ನುವವರು ಹಾಲಿನ ವಿಷಯ ಮೊದಲೇ ಕೇಳಬೇಕು, ಹಾಲು ಕಡಿಮೆಯಾಗಬಹುದು. ತೊಟ್ಟಿನ ಸ್ಪರ್ಶವೂ ಕಡಿಮೆಯಾಗಬಹುದು.

ಆಪರೇಷನ್ ಆಗಿ 12ನೇ ದಿನ ಎಡಗಡೆ ಅದೇ ಮೂಲೆಯಲ್ಲಿ ಉಗುರಿನಷ್ಟು ಗಾಯ ಬಿಟ್ಟಿತು. ಅತ್ತೆ ಅರಿಶಿನ ಹಚ್ಚಲು ಬಂದರು, ನಾವು ತಡೆದೆವು. ಮೂರು ವಾರ ಡ್ರೆಸ್ಸಿಂಗ್ ಮಾಡಿಸಿದ ಮೇಲೆ ಮಾಯಿತು. ಜ್ವರ, ಹರಡುವ ಕೆಂಪು, ವಾಸನೆಯ ಕೀವು ಕಂಡರೆ ಅದೇ ದಿನ ಬರಬೇಕು. ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು ಆದರೆ ಗಂಟೆಯೂ ಕಾಯಬಾರದು ಎಂದು ಮೇಡಂ ಮೊದಲೇ ಬರೆದುಕೊಟ್ಟಿದ್ದರು. ಆ ಚೀಟಿ ಮೆಷಿನ್ ಡ್ರಾಯರಿನಲ್ಲಿ ಇನ್ನೂ ಇದೆ.

ಈಚೆಗೆ ಇಬ್ಬರು ಹೆಂಗಸರು ಬ್ಲೌಸ್ ಅಳತೆ ಕೊಡುವ ನೆಪದಲ್ಲಿ ಬಂದು ಇದನ್ನೇ ಕೇಳಿ ಹೋಗಿದ್ದಾರೆ. ಒಬ್ಬರಿಗೆ ಶುಗರ್ ಇದೆ. ಮೊದಲು ಆ ರಿಪೋರ್ಟ್ ತಗೊಂಡು ಬಾ, ಆಮೇಲೆ ಇಬ್ಬರೂ ಹೋಗೋಣ ಅಂದಿದ್ದಾರೆ ಅಕ್ಕ.