ಹಳೆಯ ದೋಣಿ, ಹೊಸ ಬಣ್ಣ

ಕರಾವಳಿಯ ಮೀನುಗಾರರ ಮನೆಗಳಿಗೆ ದೋಣಿ ಬರುವುದು ಹೆಚ್ಚಾಗಿ ಹೆಂಗಸರ ಬಂಗಾರದಿಂದ. ಬಳೆಯೋ ಸರವೋ ಅಂಗಡಿಗೆ ಹೋಗುತ್ತದೆ, ದೋಣಿ ದಡಕ್ಕೆ ಬರುತ್ತದೆ. ಆದರೆ ಅದನ್ನು ನೋಡಿ ಬೆಲೆ ಕಟ್ಟುವ ಹೊತ್ತಿನಲ್ಲಿ ಬಂಗಾರ ಕೊಟ್ಟವಳು ಮನೆಯೊಳಗೇ ಇರುತ್ತಾಳೆ. ಅದು ಗಂಡಸರ ವಿಷಯವಂತೆ! ಒಂದು ಮಿಕ್ಸಿ ಕೊಳ್ಳಲು ನಾಲ್ಕು ಅಂಗಡಿ ಹತ್ತಿಳಿಯುವ ನಾವು, ಮಗ ಜೀವ ಇಟ್ಟು ಕೂರುವ ದೋಣಿಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ನನ್ನ ತಂಗಿ ವಿಧವೆ. ಅವಳ ಮಗ ಐದು ವರ್ಷಗಳಿಂದ ಬೇರೆಯವರ ದೋಣಿಯಲ್ಲಿ ಪಾಲಿಗೆ ದುಡಿಯುತ್ತಿದ್ದಾನೆ. ಸ್ವಂತ ದೋಣಿ ಬೇಕೆಂಬ ಹಂಬಲ. ಎಂಜಿನ್ ಸಮೇತ ಒಂದು ಹಳೆಯ ಫೈಬರ್ ದೋಣಿ ಮಾರಾಟಕ್ಕಿದೆ ಎಂದು ಸುದ್ದಿ ತಂದ. ತಂಗಿಯ ಬಳಿ ಉಳಿದಿದ್ದದ್ದು ನಾಲ್ಕು ಪವನಿನ ಒಂದು ಸರ. "ದೊಡ್ಡಮ್ಮ, ಉಮ್ಮನಿಗೆ ನೀವೊಂದು ಮಾತು ಹೇಳಿ" ಎಂದು ನನ್ನ ಹತ್ತಿರ ಬಂದ. ಹೇಳುತ್ತೇನೆ, ಆದರೆ ದೋಣಿ ನೋಡದೆ ಹೇಳುವುದಿಲ್ಲ ಎಂದೆ. ನಮ್ಮ ಬೀದಿಯಲ್ಲಿ ಒಬ್ಬರು ಕಾಕ ಇದ್ದಾರೆ. ಮೂವತ್ತು ವರ್ಷ ಔಟ್‌ಬೋರ್ಡ್ ಎಂಜಿನ್ ರಿಪೇರಿ ಮಾಡಿದವರು. ಅವರನ್ನೂ ಕರೆದುಕೊಂಡು ಹೋದೆವು.

ಇದರಲ್ಲಿ ಅವಸರ ಯಾಕೆ ಕೂಡದು ಎಂದರೆ, ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. 10 ಅಶ್ವಶಕ್ತಿಯೊಳಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಅಂದರೆ ಕಡಲು ಅತ್ಯಂತ ಸಿಟ್ಟಿನಲ್ಲಿರುವ ದಿನಗಳಲ್ಲೇ ಈ ಚಿಕ್ಕ ದೋಣಿಗಳು ಅಳಿವೆ ದಾಟುತ್ತವೆ. ನದಿ ಕಡಲು ಸೇರುವ ಆ ಜಾಗದಲ್ಲಿ ತೆರೆ ಮುರಿಯುವಾಗ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ, ಮುಂದಿನ ತೆರೆಗೆ ಮಗುಚುತ್ತದೆ. ಸರ ಹೋದರೆ ಮತ್ತೆ ಮಾಡಿಸಬಹುದು.

ದೋಣಿ ನೋಡಲು ಬಲು ಚೆಂದವಿತ್ತು. ನೀಲಿ ಬಣ್ಣ ಇನ್ನೂ ವಾಸನೆ ಬಿಡುತ್ತಿತ್ತು. ತಂಗಿಯ ಮಗನ ಮುಖ ಅರಳಿತು, ಕಾಕನ ಮುಖ ಗಂಟಾಯಿತು. "ಮಾರುವ ಮುಂಚೆ ಬಣ್ಣ ಹೊಡೆದದ್ದು ಯಾಕೆ ಅಂತ ಮೊದಲು ನೋಡಬೇಕು" ಎಂದರು.

ನಾವು ಮಣ್ಣಿನ ಮಡಕೆ ಕೊಳ್ಳುವಾಗ ಬೆರಳಲ್ಲಿ ತಟ್ಟಿ ನೋಡುವುದಿಲ್ಲವೇ? ಕಾಕ ಮಾಡಿದ್ದೂ ಅದನ್ನೇ. ಸ್ಕ್ರೂ ಡ್ರೈವರಿನ ಹಿಡಿಯಿಂದ ಗೇಣು ಗೇಣಿಗೆ ತಟ್ಟುತ್ತಾ ಹೋದರು. ಫೈಬರ್ ಎಂದರೆ ಗಾಜಿನ ನೂಲಿನ ಹಾಸನ್ನು ರಾಳದಲ್ಲಿ ನೆನೆಸಿ ಪದರ ಪದರವಾಗಿ ಕೂರಿಸಿದ್ದು. ಪದರಗಳು ಗಟ್ಟಿಯಾಗಿ ಹಿಡಿದಿದ್ದರೆ ಸದ್ದು ಟಣ್ ಎಂದು ಬರುತ್ತದೆ. ಬಿಟ್ಟುಕೊಂಡಿದ್ದರೆ, ಒಳಗೆ ನೀರು ಸೇರಿದ್ದರೆ ಡಬ್ ಎನ್ನುತ್ತದೆ. ಅಡಿಭಾಗದಲ್ಲಿ ಸಣ್ಣ ಗುಳ್ಳೆಗಳಿದ್ದರೆ ಅದೂ ನೀರು ಹೊಕ್ಕ ಗುರುತು; ಗುಳ್ಳೆ ಚುಚ್ಚಿದರೆ ವಿನೆಗರಿನಂತಹ ಹುಳಿ ವಾಸನೆ ಬರುವುದುಂಟು. ಮರಳಿನ ಮೇಲೆ ಎಳೆದು ಎಳೆದು ಅಡಿಯ ದಿಂಡು ಸವೆದಿದೆಯೇ ಎಂದು ಕೈಯಾಡಿಸಿ ನೋಡಬೇಕು. ಮುಂಭಾಗ, ಮಧ್ಯಭಾಗದಲ್ಲಿ ಸದ್ದು ಚೆನ್ನಾಗಿಯೇ ಇತ್ತು.

ಹಿಂಭಾಗಕ್ಕೆ ಬಂದಾಗ ಸದ್ದು ಬದಲಾಯಿತು. ಕಣ್ಣು ಮುಚ್ಚಿಕೊಂಡಿದ್ದರೂ ನನಗೆ ಗೊತ್ತಾಗುವಷ್ಟು! ಎಂಜಿನ್ ತೂಗುಹಾಕುವ ಹಲಗೆ ಅಲ್ಲೇ ಇರುವುದು. ಹೊರಗೆ ಫೈಬರ್, ಒಳಗೆ ಪ್ಲೈವುಡ್. ಬೋಲ್ಟಿನ ತೂತುಗಳಿಂದ ನೀರು ಇಳಿದರೆ ಮರ ಒಳಗಿಂದೊಳಗೆ ಕೊಳೆಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಕಾಕ ಎಂಜಿನ್ನಿನ ಕಾಲನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರು. ಹಲಗೆ ಬಾಗಿತು. ಮೂಲೆಯ ಹೊಸ ಬಣ್ಣದಲ್ಲಿ ಕೂದಲೆಳೆಯಷ್ಟು ಬಿರುಕು ಬಾಯಿ ಬಿಟ್ಟಿತು.

ಎಂಜಿನ್ ಮುಟ್ಟಿದರೆ ಬೆಚ್ಚಗಿತ್ತು. ನಾವು ಬರುವ ಮುಂಚೆಯೇ ಓಡಿಸಿ ಇಟ್ಟಿದ್ದರು. ಬಿಸಿಯಾದ ಎಂಜಿನ್ ಯಾವುದೂ ಸುಲಭವಾಗಿ ಸ್ಟಾರ್ಟ್ ಆಗುತ್ತದೆ. ತಣ್ಣಗಿರುವಾಗ ಎಷ್ಟು ಸಲ ಹಗ್ಗ ಎಳೆಯಬೇಕು ಎಂಬುದೇ ಪರೀಕ್ಷೆ. ಹಾಗಾಗಿ ತಣಿಯುವವರೆಗೆ ಒಂದು ಗಂಟೆ ತೆಂಗಿನ ಮರದಡಿ ಕೂತೆವು. ಮಾರುವವರಿಗೆ ಅದು ಹಿಡಿಸಲಿಲ್ಲ. ಹೆಂಗಸರು ದೋಣಿ ನೋಡಲು ಬಂದದ್ದಂತೂ ಮೊದಲೇ ಹಿಡಿಸಿರಲಿಲ್ಲ.

ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಗೇಜ್ ಸಿಕ್ಕಿಸಿ, ಹಗ್ಗ ಎಳೆದು ಎರಡೂ ಸಿಲಿಂಡರಿನ ಒತ್ತಡ ಅಳೆದರು. ಎರಡರ ನಡುವೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಳಗೆ ಸವೆತವಿದೆ ಎಂದು ಸಂಶಯಪಡಬೇಕು. ಇದರಲ್ಲಿ ಎರಡೂ ಹೆಚ್ಚುಕಡಿಮೆ ಸಮವಾಗಿದ್ದವು. ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿ ಸ್ಟಾರ್ಟ್ ಮಾಡಿದಾಗ ಬದಿಯ ಸಣ್ಣ ತೂತಿನಿಂದ ನೀರು ಪಿಚಕಾರಿಯಂತೆ ಚಿಮ್ಮಿತು. ಎಂಜಿನ್ ತಂಪಾಗಿಸುವ ಪಂಪ್ ಕೆಲಸ ಮಾಡುತ್ತಿದೆ ಎಂದರ್ಥ. (ನೀರಿಲ್ಲದೆ ಒಣಗಿದಂತೆ ಓಡಿಸಿ ತೋರಿಸಿದರೆ ಒಪ್ಪಬಾರದು, ಪಂಪಿನ ರಬ್ಬರ್ ರೆಕ್ಕೆ ಅಷ್ಟರಲ್ಲೇ ಸುಟ್ಟುಹೋಗುತ್ತದೆ.) ಕೊನೆಗೆ ಕೆಳಗಿನ ಗೇರಿನ ಸ್ಕ್ರೂ ಸಡಿಲಿಸಿ ಎರಡು ಹನಿ ಎಣ್ಣೆ ಬೆರಳಿಗೆ ತೆಗೆದುಕೊಂಡರು. ಹಾಲು ಬೆರೆಸಿದ ಕಾಫಿಯ ಬಣ್ಣ! ಎಣ್ಣೆಗೆ ನೀರು ಸೇರಿತ್ತು. ಪ್ರೊಪೆಲ್ಲರಿನ ಹಿಂದೆ ಬಲೆಯ ನೂಲು ಸುತ್ತಿಕೊಂಡು ಸೀಲನ್ನು ಕೊಯ್ದಿತ್ತು. ಅದು ದೊಡ್ಡ ಖರ್ಚಲ್ಲ, ಹೊಸ ಸೀಲ್ ಹಾಕಿದರೆ ಆಗುತ್ತದೆ, ಆದರೆ ಹಾಗೇ ಓಡಿಸಿದರೆ ಗೇರೇ ಹೋಗುತ್ತದೆ ಎಂದರು ಕಾಕ.

ದೋಣಿಯ ನೋಂದಣಿ, ಮೀನುಗಾರಿಕೆ ಇಲಾಖೆಯ ಲೈಸನ್ಸ್, ಎಂಜಿನ್ನಿನ ಮೇಲೆ ಕೆತ್ತಿದ ನಂಬರ್ ಬಿಲ್ಲಿಗೆ ತಾಳೆಯಾಗುತ್ತದೆಯೇ, ಸೊಸೈಟಿಯ ಸಾಲ ಬಾಕಿ ಇದೆಯೇ, ಇವನ್ನು ಓದು ಬಲ್ಲ ಹೆಂಗಸು ಮನೆಯಲ್ಲೇ ಕೂತು ನೋಡಬಹುದು. ಆ ಕೆಲಸ ನನ್ನ ಪಾಲಿನದಾಗಿತ್ತು. ಕಾಗದಪತ್ರ ಸರಿಯಿತ್ತು.

ಮದ್ರಸದಲ್ಲಿ ಫಿಕ್ಹ್ ಓದುವಾಗ ವ್ಯಾಪಾರದ ಅಧ್ಯಾಯದಲ್ಲಿ ಖಿಯಾರುಲ್ ಐಬ್ ಎಂದು ಬರುತ್ತದೆ. ಮಾರಾಟಕ್ಕೆ ಮುಂಚೆಯೇ ಇದ್ದ ದೋಷ ಆಮೇಲೆ ತಿಳಿದುಬಂದರೆ ಸರಕನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ. ದೋಷ ತಿಳಿಸುವುದು ಮಾರುವವನ ಹೊಣೆ. ಅಂದು ಆ ಅಧ್ಯಾಯ ನನಗೆ ಒಣ ಪಾಠವಾಗಿತ್ತು. ಅಂದು ದಡದಲ್ಲಿ ನಿಂತು ಆ ಹಲಗೆಯನ್ನು ನೋಡುವಾಗ ಪ್ರತಿಯೊಂದು ಸಾಲಿಗೂ ಅರ್ಥ ಬಂತು. ಆದರೆ ಅಳಿವೆಯಲ್ಲಿ ಹಲಗೆ ಕಿತ್ತುಬಂದ ಮೇಲೆ ಯಾರಿಗೆ ಏನನ್ನು ಹಿಂದಿರುಗಿಸುವುದು?

ಹಲಗೆಯ ವಿಷಯ ಕೇಳಿದಾಗ ಮಾರುವವರು, "ಎಲ್ಲ ಹಳೆ ದೋಣಿಯೂ ಹೀಗೇ" ಎಂದರು. ಬೆಲೆ ಇಳಿಸಲು ಒಪ್ಪಿದರು. ಎಂಜಿನ್ ಮಾತ್ರ ಕೊಡಿ ಎಂದರೆ ಒಪ್ಪಲಿಲ್ಲ. ಹಿಂಭಾಗ ಕೊಯ್ದು ಹೊಸ ಹಲಗೆ ಕೂರಿಸಿ ಫೈಬರ್ ಹಾಕಿಸಬಹುದಿತ್ತು. ಆದರೆ ನೀರು ಅಡಿಯವರೆಗೆ ಎಷ್ಟು ದೂರ ಹೋಗಿದೆ ಎಂದು ಕೊಯ್ಯದೆ ಹೇಳಲಾಗದು ಎಂದರು ಕಾಕ. ತಂಗಿ ಅಷ್ಟು ಹೊತ್ತು ಒಂದು ಮಾತೂ ಆಡಿರಲಿಲ್ಲ. "ಇದು ಬೇಡ ಮೋನೆ" ಎಂದಳು. ಅಷ್ಟೇ.

ಅವನು ಎರಡು ದಿನ ನಮ್ಮಿಬ್ಬರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಕಾಕನ ಮನೆಗೆ ಹೋಗಿ ಆ ಗೇಜನ್ನು ಕೇಳಿ ತಂದು, ತಾನು ದುಡಿಯುವ ದೋಣಿಯ ಎಂಜಿನ್ ಅಳೆದನಂತೆ. ಮುಂದಿನ ವಾರ ಇನ್ನೊಂದು ದೋಣಿ ನೋಡಲಿಕ್ಕಿದೆ. ಬಣ್ಣ ಹೊಡೆಯದ ದೋಣಿಯಂತೆ. ತಂಗಿ ತಾನೂ ಬರುತ್ತೇನೆ ಎಂದಿದ್ದಾಳೆ.